ಎರಡು ಗೆರೆಗಳ ಗುಂಡಿ

ನಮ್ಮ ಮನೆಯ ರಿಮೋಟಿನಲ್ಲಿ ಅಂಕಿಗಳೆಲ್ಲ ಇನ್ನೂ ಹೊಸದರಂತೆ ಹೊಳೆಯುತ್ತಿವೆ. ಸವೆದು ಬೋಳಾಗಿರುವುದು ಒಂದೇ ಗುಂಡಿ, ಎರಡು ನಿಂತ ಗೆರೆಗಳಿದ್ದದ್ದು. ಚಿತ್ರಮಂದಿರದಲ್ಲಿ ದೀಪ ಆರಿದ ಮೇಲೆ ನಾವು ನಿರ್ದೇಶಕನ ಕೈಸೆರೆ. ಅವನು ಬಿಟ್ಟಾಗಲೇ ಬಿಡುಗಡೆ. ಮನೆಯಲ್ಲಿ ಅವನೇ ನಮ್ಮ ಸೆರೆಯಾಳು. ಎಂಥ ದಿಗ್ಗಜನಾದರೂ ಸರಿ, ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿದರೆ ಬಾಯಿ ಮುಚ್ಚಿ ನಿಲ್ಲಲೇಬೇಕು.

ಜಗತ್ತಿನ ಶ್ರೇಷ್ಠ ಚಿತ್ರಗಳನ್ನೆಲ್ಲ ನೋಡಿ ಮುಗಿಸಬೇಕೆಂಬ ಹಟ ಹುಟ್ಟಿದಾಗ ಮೊದಲು ಕೈಹಾಕಿದ್ದು ಸ್ಟ್ಯಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ಗೆ. 1968ರ ಚಿತ್ರ. ಹಚ್ಚಿದೆ, ಪರದೆ ಕಪ್ಪಗೇ ಇತ್ತು. ಜೇನುಗೂಡಿಗೆ ಕಿವಿ ಇಟ್ಟಂಥ ಸಂಗೀತವೊಂದು ಬಿಟ್ಟರೆ ಏನೂ ಇಲ್ಲ. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಹಿಂದಿನ ಕಾಲದ ಟಿವಿಯಾಗಿದ್ದರೆ ನೆತ್ತಿಗೆ ಒಂದು ಬಡಿಯಬಹುದಿತ್ತು; ಈಗಿನ ತೆಳು ಟಿವಿಗೆ ನೆತ್ತಿಯೇ ಇಲ್ಲದ್ದರಿಂದ ಬೆನ್ನು ತಟ್ಟಿದೆ. ಪ್ರೇಕ್ಷಕರು ಬಂದು ಕೂರುವವರೆಗೆ ಎಂದು ಕುಬ್ರಿಕ್ ಸುಮಾರು ಮೂರು ನಿಮಿಷ ಬೇಕೆಂದೇ ಇಟ್ಟ ಕತ್ತಲು ಅದು ಎಂದು ಆಮೇಲೆ ತಿಳಿಯಿತು. ಆ ಮೂರು ನಿಮಿಷ ಕಪ್ಪು ಗಾಜಿನೊಳಗೆ ಕಂಡದ್ದು ನಮ್ಮದೇ ಹಜಾರ: ಕುರ್ಚಿಯ ಬೆನ್ನಿಗೆ ಒಣಹಾಕಿದ ಟವೆಲ್, ಗೋಡೆ ಗಡಿಯಾರ, ರಿಮೋಟ್ ಚಾಚಿಕೊಂಡು ಬಾಯಿ ತೆರೆದು ನಿಂತ ನಾನು. ಬೆಳಕು ಬಂದ ಮೇಲೆ ಕಂಡ ವಾನರರಿಗಿಂತ ಈ ದೃಶ್ಯವೇನೂ ಹೆಚ್ಚು ಮುಂದುವರಿದ ಕಾಲದ್ದಾಗಿರಲಿಲ್ಲ.

ಮೊದಲ ಇಪ್ಪತ್ತೈದು ನಿಮಿಷ ಆ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಆ ಮೌನದ ನಡುವೆಯೇ ವಾನರ ಮೂಳೆಯನ್ನು ಮೇಲಕ್ಕೆಸೆಯುತ್ತದೆ, ಆ ಮೂಳೆ ಕೆಳಗೆ ಬೀಳುವಷ್ಟರಲ್ಲಿ ಆಕಾಶನೌಕೆಯಾಗಿಬಿಡುತ್ತದೆ. ಲಕ್ಷಾಂತರ ವರ್ಷಗಳನ್ನು ಒಂದೇ ಜಿಗಿತದಲ್ಲಿ ದಾಟುವ ಆ ಕ್ಷಣವನ್ನು ಹೊಗಳದ ವಿಮರ್ಶಕರಿಲ್ಲ. ನನಗೂ ಅದು ಮರೆಯುವಂತಿಲ್ಲ. ಸರಿಯಾಗಿ ಅದೇ ಕ್ಷಣಕ್ಕೆ ಬಾಗಿಲ ಗಂಟೆ ಹೊಡೆಯಿತು. ಮನುಕುಲದ ಇತಿಹಾಸವೆಲ್ಲ, ನಾನು ಕೊರಿಯರ್ ಹುಡುಗನಿಗೆ ಸಹಿ ಹಾಕಿ ಬರುವವರೆಗೆ, ನಡುಗಾಳಿಯಲ್ಲಿ ನೇತಾಡುತ್ತಿತ್ತು.

ಅಕಿರ ಕುರೊಸಾವನ ‘ಸೆವೆನ್ ಸಮುರಾಯ್’ (1954) ಮೂರೂವರೆ ಗಂಟೆಗೆ ಮೂರೇ ನಿಮಿಷ ಕಡಿಮೆ. ನಡುವೆ ಅವನೇ ಒಂದು ವಿರಾಮ ಕೊಟ್ಟಿದ್ದಾನೆ. ನಾನು ಅದರ ಮೇಲೆ ಇನ್ನೊಂದು ಹದಿನೈದು ಕೊಟ್ಟು, ನಾಲ್ಕು ರಾತ್ರಿಗಳಲ್ಲಿ ಮುಗಿಸಿದೆ. ಹಳ್ಳಿಯನ್ನು ಕಾಯುವ ಸಮುರಾಯ್‌ಗಳ ಮುಖಂಡ ಕಾಗದದ ಮೇಲೆ ದರೋಡೆಕೋರರ ಲೆಕ್ಕಕ್ಕೆ ಸೊನ್ನೆಗಳನ್ನು ಬರೆದಿಟ್ಟು, ಒಬ್ಬೊಬ್ಬ ಸತ್ತಂತೆ ಒಂದೊಂದನ್ನೇ ಹೊಡೆದುಹಾಕುತ್ತಾನೆ. ನಾನೂ ಪೆನ್ನು ಹಿಡಿದೆ. ನಿನ್ನೆ ಸತ್ತವನು ಇಂದು ಯಾರು ಎಂಬುದೇ ಮರೆತುಹೋಗುತ್ತಿದ್ದರೆ ಮತ್ತೇನು ಮಾಡುವುದು? ಆದರೆ ಕೊನೆಯ ಮಳೆಯ ಕಾಳಗ ಶುರುವಾದಾಗ ಆ ಗುಂಡಿ ನನ್ನ ಕೈಯಲ್ಲೇ ಇದ್ದರೂ ಹೆಬ್ಬೆರಳು ಮೇಲೇಳಲಿಲ್ಲ. ಕೆಸರಿನಲ್ಲಿ ಜಾರುವ ಆ ಕುದುರೆಗಳನ್ನು ತಡೆದು ನಿಲ್ಲಿಸುವ ಧೈರ್ಯ ಯಾರಿಗಿದೆ!

‘ಸೈಕೋ’ ಬಿಡುಗಡೆಯಾದ 1960ರಲ್ಲಿ ಹಿಚ್‌ಕಾಕ್ ಮಹಾಶಯ ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದ. ತಡವಾಗಿ ಬಂದವರು ನಾಯಕಿ ಎಲ್ಲಿ ಎಂದು ಕೊನೆಯವರೆಗೂ ಹುಡುಕುತ್ತಾ ಕೂರುತ್ತಾರೆಂಬುದು ಅವನ ಚಿಂತೆ. ನಮ್ಮ ಮನೆಯಲ್ಲಿ ಅವನ ಮಾತು ಯಾರು ಕೇಳಬೇಕು? ಸ್ನಾನದ ಮನೆಯ ಕೊಲೆ ಮುಗಿದು ಐದು ನಿಮಿಷಕ್ಕೆ ಬಂದ ನನ್ನ ಹೆಂಡತಿ, “ಹೀರೋಯಿನ್ ಇನ್ನೂ ಬಂದಿಲ್ಲವೇ?” ಎಂದಳು. ಬಂದೂ ಆಯಿತು, ಹೋಗಿಯೂ ಆಯಿತು ಎಂದೆ.

ಇಷ್ಟೆಲ್ಲ ಶ್ರೇಷ್ಠರ ನಡುವೆ ಮನೆಮಂದಿಯೆಲ್ಲ ಒಂದೇ ಬಾರಿಗೆ, ಒಂದು ಸಲವೂ ನಿಲ್ಲಿಸದೆ ನೋಡಿದ ಚಿತ್ರ ಯಾವುದೆಂದು ಹೇಳಲು ಸ್ವಲ್ಪ ಸಂಕೋಚ. ಎಡ್ ವುಡ್‌ನ ‘ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್’. ಒಂದೇ ದೃಶ್ಯದೊಳಗೆ ಹಗಲು ರಾತ್ರಿಯಾಗಿ ರಾತ್ರಿ ಮತ್ತೆ ಹಗಲಾಗುವಂಥ ಚಿತ್ರ. ನಟ ಬೆಲಾ ಲುಗೋಸಿ 1956ರಲ್ಲಿ, ಒಂದಷ್ಟು ತುಣುಕುಗಳಲ್ಲಿ ಕಾಣಿಸಿಕೊಂಡು, ತೀರಿಕೊಂಡ. ವುಡ್ ಎದೆಗುಂದಲಿಲ್ಲ. ತನ್ನ ಹೆಂಡತಿಯ ಬೆನ್ನುನೋವಿಗೆ ಚಿಕಿತ್ಸೆ ಕೊಡುತ್ತಿದ್ದವನನ್ನು ಕರೆತಂದು, ಕರಿಯ ನಿಲುವಂಗಿಯಿಂದ ಮುಖ ಮುಚ್ಚಿಸಿ ಉಳಿದ ಪಾತ್ರ ಮಾಡಿಸಿದ. ಎತ್ತರವೂ ಹೊಂದುವುದಿಲ್ಲ, ಹೋಲಿಕೆಯೂ ಇಲ್ಲ. ಅವನು ತೋಳಿನಿಂದ ಮೂಗು ಮುಚ್ಚಿಕೊಂಡು ಬಂದಾಗಲೆಲ್ಲ ನನ್ನ ಮಗಳು “ಡಾಕ್ಟರ್ ಬಂದರು” ಎಂದು ಎದ್ದು ನಿಂತು ಸ್ವಾಗತಿಸುತ್ತಿದ್ದಳು. ವುಡ್ 1978ರಲ್ಲಿ ಸತ್ತ. ಎರಡೇ ವರ್ಷಕ್ಕೆ ಅವನ ಚಿತ್ರಕ್ಕೆ ‘ಅತ್ಯಂತ ಕೆಟ್ಟ ಚಿತ್ರ’ವೆಂಬ ಬಿರುದು ಬಂತು, ಬಿರುದಿನ ಹಿಂದೆಯೇ ಭಕ್ತರೂ ಬಂದರು. ಬದುಕಿದ್ದರೆ ಸಂತೋಷಪಡುತ್ತಿದ್ದನೋ ನೊಂದುಕೊಳ್ಳುತ್ತಿದ್ದನೋ ಎಂಬ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ.

ಅಮ್ಮ ಇದ್ಯಾವುದನ್ನೂ ಪೂರ್ತಿ ನೋಡಿದವರಲ್ಲ. ಅಡಿಬರಹದ ಅಕ್ಷರಗಳು ಅವರ ಕಣ್ಣಿಗೆ ನಿಲ್ಲುವುದಿಲ್ಲ. ಯಸುಜಿರೊ ಓಜುವಿನ ‘ಟೋಕಿಯೋ ಸ್ಟೋರಿ’ (1953) ಹಾಕಿದ ದಿನ ಮಾತ್ರ ಕೆಳಗೆ ಚಾಪೆಯ ಮೇಲೆ ಬಂದು ಕೂತರು. ಓಜುವಿನ ಕ್ಯಾಮೆರಾ ನೆಲದ ಮೇಲೆ ಕೂತವರ ಕಣ್ಣಿನ ಮಟ್ಟದಲ್ಲಿರುತ್ತದೆ. ಸೋಫಾದಲ್ಲಿದ್ದ ನನಗಿಂತ ಅಮ್ಮನಿಗೇ ಸರಿಯಾದ ಜಾಗ ಸಿಕ್ಕಿತ್ತು. ಮಕ್ಕಳನ್ನು ನೋಡಲು ಊರಿಂದ ಬಂದ ಮುದುಕ ಮುದುಕಿ, ಕೆಲಸ ಬಿಟ್ಟು ಜೊತೆಗೆ ಕೂರಲು ಬಿಡುವಿಲ್ಲದ ಮಕ್ಕಳು, ಗಂಡ ಸತ್ತರೂ ಅತ್ತೆ ಮಾವನನ್ನು ಅಕ್ಕರೆಯಿಂದ ಸುತ್ತಾಡಿಸುವ ಸೊಸೆ. ಅಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಕ್ಕಳು ಅವರಿಬ್ಬರನ್ನೂ ಸಮುದ್ರತೀರದ ಅತಾಮಿಗೆ ಸಾಗಹಾಕುತ್ತಾರೆ. ಬೆಳಗ್ಗೆ ಅವರು ಕಡಲ ಗೋಡೆಯ ಮೇಲೆ ಪಕ್ಕಪಕ್ಕ ಕೂತಿರುವಾಗ ನನ್ನ ಮೊಬೈಲ್ ಗುನುಗಿತು. ಗುಂಡಿ ಒತ್ತಿ ಆಚೆ ಹೋದೆ. ಕಚೇರಿಯ ಕರೆ, ಇಪ್ಪತ್ತು ನಿಮಿಷವಾಯಿತು. ಒಳಗೆ ಬಂದರೆ ಪರದೆಯ ಮೇಲೆ ಅವರಿಬ್ಬರು ಹಾಗೆಯೇ ಕೂತಿದ್ದರು, ಚಾಪೆಯ ಮೇಲೆ ಅಮ್ಮ ಹಾಗೆಯೇ ಕೂತಿದ್ದರು.

“ಮುಗಿಯಿತೇನಪ್ಪ?” ಎಂದರು ಅಮ್ಮ. “ಪಾಪ, ಎಷ್ಟು ಹೊತ್ತು ಅಂತ ಕೂರಿಸುತ್ತೀಯಾ ಅವರನ್ನು.”

ಗುಂಡಿ ಒತ್ತಿದೆ. ಮುದುಕಿ ಏಳಲು ಹೋಗಿ ತಲೆಸುತ್ತು ಬಂದು ಗೋಡೆಗೆ ಕೈಯೂರಿದಳು.