ಮೈಸೂರಿನ ಸಭೆಗಳ ಬೇರು ಬೇರೆ

ಮೈಸೂರಿನ ಕ್ರೈಸ್ತ ಸಭೆಗಳ, ಅಂದರೆ ಚರ್ಚಿನ ಭಕ್ತಸಮುದಾಯಗಳ, ಚರಿತ್ರೆಯನ್ನು ಕುರಿತ ಲೇಖನವೊಂದನ್ನು ಓದಿದೆ. ಹಳೆಯ ಮೈಸೂರು ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳೆಲ್ಲ ಪ್ರೆಸ್ಬಿಟೇರಿಯನ್ (ಹಿರಿಯರ ಮಂಡಳಿ ಸಭೆಯನ್ನು ನಡೆಸುವ ಪಂಥ) ಮೂಲದವು ಎಂಬ ಅದರ ಲೇಖಕರ ಮಾತನ್ನು ಒಪ್ಪಲಾಗದು. ಸ್ಕಾಟ್ಲೆಂಡ್ ಚರ್ಚಿನವರು 1864ರಲ್ಲಿ ಅಡಿಗಲ್ಲು ಹಾಕಿದ ಬೆಂಗಳೂರಿನ ಸೇಂಟ್ ಆಂಡ್ರೂಸ್‌ಗೆ ಅದು ಸಲ್ಲುತ್ತದೆ. ಮೈಸೂರಿನಲ್ಲಿ ಕನ್ನಡ ಸಭೆಯನ್ನು ಬೆಳೆಸಿದವರು ಮೆಥಡಿಸ್ಟ್ ಪಂಥದ ವೆಸ್ಲಿಯನ್ ಮಿಷನ್ನಿನವರು. ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಥದವರೂ 1908ರಲ್ಲಿ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾಗಿ, ಆ ಸಭೆ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರೊಡನೆ 1947ರ ಸೆಪ್ಟೆಂಬರ್ 27ರಂದು ಒಂದಾಗಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ರೂಪುಗೊಂಡ ಮೇಲಷ್ಟೇ ಈ ಎರಡು ಕವಲುಗಳು ಒಂದೇ ಸೂರಿನಡಿ ಬಂದವು. (ನಮ್ಮ ಬೀದಿಯವರಿಗೆ ಮಾತ್ರ ಇಲ್ಲಿನ ಚರ್ಚು ಅಂದಿಗೂ ಇಂದಿಗೂ ‘ಮಿಷನ್ ಚರ್ಚು’.)

ಸಭೆಯ ಬೆಳವಣಿಗೆಗೆ ಧರ್ಮೋಪದೇಶವೊಂದೇ ಕಾರಣವೆಂದಿರುವುದೂ ಅರೆಸತ್ಯ. ಸಭಾಪಾಲಕರ ಅನುಮತಿ ಪಡೆದು ನಮ್ಮ ಸಭೆಯ ಹಳೆಯ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಪುಸ್ತಕವನ್ನು ನಾನೊಮ್ಮೆ ತಿರುವಿಹಾಕಿದ್ದೇನೆ. ಅಂಚು ಪುಡಿಯಾಗುತ್ತಿದ್ದ ಆ ಹಾಳೆಗಳಲ್ಲಿ ತಂದೆಯ ಉದ್ಯೋಗವೆಂದು ಬರೆದಿದ್ದುದು ಕಾಂಪೌಂಡರ್, ಅಚ್ಚುಮೊಳೆ ಜೋಡಿಸುವವ, ಶಾಲೆಯ ಮೇಷ್ಟರು ಎಂದೇ ಹೆಚ್ಚು. 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದ, 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ತೆರೆದ ಮಿಷನ್ನಿನ ಸುತ್ತ ಸಂಬಳಕ್ಕೆಂದು ಬಂದು ನೆಲೆಸಿದ ಕುಟುಂಬಗಳನ್ನು ಬಿಟ್ಟು ಈ ಚರಿತ್ರೆ ಬರೆಯುವುದು ಹೇಗೆ? ಲೇಖನದಲ್ಲಿ ಪಾದ್ರಿಗಳ ಹೆಸರು ಸಾಲುಸಾಲಾಗಿದೆ, ಚರ್ಚಿನ ಸುಗ್ಗಿ ಹಬ್ಬದಲ್ಲಿ ಭಕ್ತರು ತಂದೊಪ್ಪಿಸಿದ ಫಸಲಿನ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಪೈಪೋಟಿಯಿಂದ ಹತ್ತುಪಟ್ಟು ಬೆಲೆ ಕೂಗಿ ಸಭೆಯ ಖರ್ಚು ತೂಗಿಸಿದ ಇಂಥ ಮನೆಗಳವರ ಸುದ್ದಿಯೇ ಇಲ್ಲ.