ದಿಢೀರ್ ಭೇಟಿಗೆ ಹಾರ್ದಿಕ ಸುಸ್ವಾಗತ

ಸುದ್ದಿ ನೀವೂ ಓದಿರುತ್ತೀರಿ. ನಮ್ಮ ಚಿಕ್ಕಬಳ್ಳಾಪುರದ ಕಡೆಯ ವೃದ್ಧಾಶ್ರಮವೊಂದಕ್ಕೆ ಅಧಿಕಾರಿಗಳು ದಿಢೀರ್ ಭೇಟಿ ಕೊಟ್ಟರು, ಅಡುಗೆಮನೆ ನೋಡಿದರು, ಮುದ್ದೆ ಬಸ್ಸಾರು ಉಂಡರು, ತೃಪ್ತಿ ವ್ಯಕ್ತಪಡಿಸಿದರು. ಎಲ್ಲಾ ಸರಿ. ಪೇಪರಿನವರು ಒಂದು ಮುಖ್ಯ ವಿಷಯ ಮಾತ್ರ ಬಿಟ್ಟಿದ್ದಾರೆ. ಗೇಟಿಗೆ ಫ್ಲೆಕ್ಸ್ ಕಟ್ಟಿತ್ತು. ಹನ್ನೆರಡು ಅಡಿ ಉದ್ದ ಇದ್ದೀತು. 'ದಿಢೀರ್ ಭೇಟಿಗೆ ಆಗಮಿಸುತ್ತಿರುವ ಗಣ್ಯರಿಗೆ ಹಾರ್ದಿಕ ಸುಸ್ವಾಗತ.' ಕೆಳಗೆ ಗಣ್ಯರ ಫೋಟೋಗಳು, ಹುದ್ದೆಯ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ.

ನಮ್ಮ ದೊಡ್ಡಮ್ಮ ಅಲ್ಲೇ ಇರುವುದರಿಂದ ನಾನು ಕಣ್ಣಾರೆ ಕಂಡೆ. ಎರಡು ದಿನ ಮುಂಚಿನಿಂದಲೇ ದಿಢೀರ್ ತಯಾರಿ ನಡೆದಿತ್ತು. ಬೀರುವಿನಲ್ಲಿದ್ದ ಹೊಸ ಬೆಡ್‌ಶೀಟ್‌ಗಳು ಹೊರಗೆ ಬಂದವು. ಎಲ್ಲರ ಉಗುರು ಕತ್ತರಿಸಿದರು. ಬೇಸಿಗೆಯೆಲ್ಲ ತಿರುಗದ ಫ್ಯಾನು ತಿರುಗಿತು. ಹಾಸಿಗೆ ಹಿಡಿದಿರುವ ತಾತನನ್ನು ಹಿಂದಿನ ಕೋಣೆಗೆ ಸಾಗಿಸಿ ಬಾಗಿಲು ಮುಂದೆ ಮಾಡಿದರು. ನಮ್ಮ ಬೀಗರು ಮನೆಗೆ ಬರೋದಾದರೂ ಇಷ್ಟು ಮುಂಚೆ ಹೇಳಿ ಬರಲ್ಲ. ಅವರು ದಿಢೀರ್ ಅಂತ ಅನ್ನೋದೂ ಇಲ್ಲ, ಪಾಪ.

ಸಾಹೇಬರು ದೊಡ್ಡಮ್ಮನ ಹತ್ತಿರವೂ ಬಂದರು. "ಊಟ ತಿಂಡಿ ಚೆನ್ನಾಗಿದೆಯಾ ಅಜ್ಜಿ?" ಹಿಂದೆ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. "ಚೆನ್ನಾಗೈತೆ ಸ್ವಾಮಿ" ಅಂದರು ದೊಡ್ಡಮ್ಮ. ಆಮೇಲೆ ನಾನು ಬೈದೆ, ನಿಜ ಹೇಳಬಾರದಿತ್ತಾ ಅಂತ. "ಅವ್ರು ಹನ್ನೆರಡು ಗಂಟೆಗೆ ಹೋಗ್ತಾರೆ ಕಣೋ. ನಾನೆಲ್ಲಿಗೆ ಹೋಗ್ಲಿ?" ಅಂದರು.

ಇನ್ನು ಭಾನುವಾರದ ಭಕ್ತರ ವಿಷಯ. ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡಿ, ಕೆಳಗಿಳಿದು ಇಡ್ಲಿ ತಿಂದು, ಊಟದ ಹೊತ್ತಿನವರೆಗೆ ಏನು ಮಾಡೋದು ಅಂತ ತೋಚದೆ ಹುಟ್ಟುಹಬ್ಬ ಆಚರಿಸೋಕೆ ಆಶ್ರಮಕ್ಕೆ ಬರುವವರು. ಒಂದೇ ಭಾನುವಾರ ಮೂರು ಕೇಕ್ ಕತ್ತರಿಸಿದ್ದು ನೋಡಿದ್ದೇನೆ. ಸಕ್ಕರೆ ಕಾಯಿಲೆಯವರೆಲ್ಲ ಮೂರು ಸಲ ಚಪ್ಪಾಳೆ ತಟ್ಟಿ, ಮೂರು ತುಂಡು ತಿಂದರು. ಆಮೇಲೆ ಸೇಬು ವಿತರಣೆ. ತಲೆಗೆ ಅರ್ಧ. ಹಲ್ಲಿಲ್ಲದವರಿಗೆ ಸೇಬನ್ನೇ ಯಾಕೆ ಕೊಡುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಾಳೆಹಣ್ಣು ಫೋಟೋದಲ್ಲಿ ಕೆಂಪಗೆ ಕಾಣಲ್ಲ, ಅದಕ್ಕಿರಬೇಕು. ಒಬ್ಬ ಅಜ್ಜಿ ತನ್ನ ಅರ್ಧ ಸೇಬನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕ್ಯಾಮೆರಾ ಹೋದ ಮೇಲೆ ಗೇಟಿನಾಚೆಯ ಹಸುವಿಗೆ ಹಾಕುತ್ತಾರೆ. ಆ ಹಸು ಭಾನುವಾರ ಸರಿಯಾಗಿ ಹನ್ನೊಂದೂವರೆಗೆ ಬರುತ್ತದೆ. ಇಡೀ ಆಶ್ರಮದಲ್ಲಿ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬುವುದು ಅದಕ್ಕೇ.

ದಾನಿಗಳು ಗಾಲಿಕುರ್ಚಿಯನ್ನೂ ಕೊಡುತ್ತಾರೆ. ಹನ್ನೊಂದು ಇವೆ. ಒಂದೊಂದರ ಬೆನ್ನ ಮೇಲೂ ದಾನಿಗಳ ಹೆಸರು, ತೀರಿಹೋದ ತಂದೆಯ ಹೆಸರು, ಗೋತ್ರ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳೋಕೆ ಒಂದು ಸ್ಟೀಲ್ ಹಿಡಿಕೆ ಇಲ್ಲ. ಕೊಡುವವರ ಕಷ್ಟವೂ ಅರ್ಥವಾಗುತ್ತೆ. ಹಿಡಿಕೆ ಕೊಟ್ಟರೆ ಅದರ ಪಕ್ಕ ನಿಂತು ಫೋಟೋ ಹೇಗೆ ತೆಗೆಸಿಕೊಳ್ಳೋದು? ಹಿಂದೆ ಕಮೋಡು ಕಾಣುತ್ತೆ. ಮುದ್ದೇನಹಳ್ಳಿ ಇಲ್ಲೇ ಪಕ್ಕದಲ್ಲಿದೆ. ನೂರು ದಾಟಿ ಬದುಕಿದ ವಿಶ್ವೇಶ್ವರಯ್ಯನವರ ಊರು. ನಾಲ್ಕು ಸ್ಕ್ರೂ ಹಾಕಿ ಒಂದು ಹಿಡಿಕೆ ಕೂರಿಸಲು ಈ ಜಿಲ್ಲೆಯಲ್ಲಿ ಈಗ ಎಂಜಿನಿಯರ್ ಸಿಗುತ್ತಿಲ್ಲ.

ಕಾನೂನು ಇಲ್ವಾ ಅಂತ ಕೇಳಬೇಡಿ. ಇದೆ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದ 2007ರಲ್ಲೇ ಅದೂ ಹುಟ್ಟಿತು, ಇಬ್ಬರೂ ಒಂದೇ ವಾರಿಗೆಯವರು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆ. ಅದರ 19ನೇ ಸೆಕ್ಷನ್ ಪ್ರಕಾರ ಸರ್ಕಾರ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ಬಡ ಹಿರಿಯರು ಇರಬಹುದಾದ ಆಶ್ರಮವನ್ನು ಹಂತಹಂತವಾಗಿ ಕಟ್ಟಬಹುದು. ಬಹುದು! ಎಂಥ ಸೊಗಸಾದ ಪದ. ಹೊಲದಲ್ಲಿ ಮಳೆ ಬರಬಹುದು, ಬಸ್ಸು ಬರಬಹುದು, ಮಗನೂ ಒಂದು ದಿನ ಬರಬಹುದು. ವೈದ್ಯಕೀಯ ಆರೈಕೆ ಮತ್ತು ಮನರಂಜನೆಗೆ ಬೇಕಾದ ಸೇವೆಗಳ ಮಟ್ಟ ಹೇಗಿರಬೇಕು ಅಂತಲೂ ಸರ್ಕಾರ ಗೊತ್ತುಮಾಡಬಹುದಂತೆ. ಮನರಂಜನೆಯಂತೂ ನಡೆದಿದೆ. ಭಾನುವಾರಕ್ಕೆ ಮೂರು ಕೇಕ್. ಅಕ್ಟೋಬರ್ 1ಕ್ಕೆ ಹಿರಿಯರ ದಿನಾಚರಣೆ, ಶಾಲು, ಪೇಟ, ಮಂಡಿನೋವಿನವರಿಗೆ ನಡಿಗೆ ಸ್ಪರ್ಧೆ.

ಹಿರಿಯರ ಸಹಾಯವಾಣಿ ಬೇರೆ ಇದೆ, 14567. ನೆನಪಿಟ್ಟುಕೊಳ್ಳೋಕೆ ಸುಲಭದ ನಂಬರು. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಹಾಗಾಗಿ ಹಿರಿಯರು ದಯವಿಟ್ಟು ಎಂಟರೊಳಗೆ ಬೀಳಬೇಕು.

ದೊಡ್ಡಮ್ಮ ಬಿದ್ದದ್ದು ರಾತ್ರಿ ಎರಡಕ್ಕೆ. ಹೋದ ಆಷಾಢದಲ್ಲಿ. ಬಚ್ಚಲಲ್ಲಿ. ಕೂಗಿದ್ದಾರೆ. ಮೂವತ್ತೆರಡು ಜನಕ್ಕೆ ರಾತ್ರಿ ಇರುವುದು ಒಬ್ಬಳೇ ಆಯಾ. ಹಗಲು ಪಾತ್ರೆ ತೊಳೆಯುವವಳೂ ಅವಳೇ, ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚುವವಳೂ ಅವಳೇ. ಅವಳನ್ನು ನಾನು ಬೈಯಲ್ಲ. ಒಲೆ ಹಚ್ಚಲು ಎದ್ದಾಗ ನೋಡಿದಳಂತೆ. ನನಗೆ ಫೋನ್ ಬಂದದ್ದು ಏಳಕ್ಕೆ. ತೊಡೆಮೂಳೆ ಮುರಿದಿತ್ತು. "ವಯಸ್ಸಾದವರು ಸಾರ್, ಬೀಳ್ತಾರೆ" ಅಂದ ಮ್ಯಾನೇಜರ್.

ಬೀಳ್ತಾರೆ ಅಂತ ಗೊತ್ತಿದ್ದೂ ಬಚ್ಚಲಿಗೆ ಕನ್ನಡಿಯಂಥ ಟೈಲ್ಸ್ ಹಾಕಿದ್ದು ಯಾರಪ್ಪಾ? ರಾತ್ರಿ ಕಿರಿಕಿರಿ ಮಾಡಬಾರದು ಅಂತ ಸಂಜೆ ನಿದ್ದೆ ಮಾತ್ರೆ ನುಂಗಿಸಿ, ಆ ಮಂಪರಲ್ಲೇ ಎದ್ದು ಹೋಗಿ ಬಿದ್ದರೆ ವಯಸ್ಸಿನ ತಲೆಗೆ ಕಟ್ಟುತ್ತೀರಲ್ಲ. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ. ಇದು ಯಾವ ನರ್ಸಮ್ಮನನ್ನು ಕೇಳಿದರೂ ಹೇಳುತ್ತಾರೆ. ಆ ತಾತನ ಬೆನ್ನನ್ನು ನಾನು ನೋಡಿದ್ದೇನೆ. ಸಾಹೇಬರು ಮುದ್ದೆ ಉಣ್ಣುವಾಗ ಅವರು ಗೋಡೆಯ ಆಚೆಗೇ ಇದ್ದರು. ಬಾಗಿಲಿಗೆ ಬೀಗ ಕೂಡ ಹಾಕಿರಲಿಲ್ಲ. ತಳ್ಳಿದ್ದರೆ ಸಾಕಿತ್ತು.

ನಾನೂ ಏನು ಸಾಚಾ ಅಲ್ಲ. ದೊಡ್ಡಮ್ಮನಿಗೆ ಮಕ್ಕಳಿಲ್ಲ, ನಮ್ಮ ಮನೆಯಲ್ಲಿ ಜಾಗ ಇಲ್ಲ ಅಂತ ತಿಂಗಳು ತಿಂಗಳು ದುಡ್ಡು ಕಟ್ಟಿ ಕೈ ತೊಳೆದುಕೊಂಡವನು. ನಾನು ಹೋಗುವುದೂ ಹಗಲು ಹೊತ್ತೇ. ಫೋನ್ ಮಾಡಿಯೇ.

ಮೊನ್ನೆ ಹೋದಾಗ ಗೇಟಿನ ಮೇಲೆ ಫ್ಲೆಕ್ಸ್ ಇರಲಿಲ್ಲ. ಹಿಂದಿನ ಕೋಣೆಗೆ ಹೋದೆ. ಹಾಸಿಗೆ ನೆನೆಯದಿರಲಿ ಅಂತ ಆಯಾ ಅದನ್ನು ಕತ್ತರಿಸಿ ತಾತನ ಬೆಡ್‌ಶೀಟಿನ ಕೆಳಗೆ ಹಾಸಿದ್ದಾಳೆ. ತಲೆಯ ಕಡೆ 'ಸುಸ್ವಾಗತ' ಇಣುಕುತ್ತಿತ್ತು. ಗಣ್ಯರೆಲ್ಲ ನಡುವಿಗೆ ಬಂದಿದ್ದರು.