ಅಮ್ಮ ಹಾಕಿದ ಪೆನ್ಸಿಲ್ ಗುರುತು

ನಮ್ಮೂರ ಡೇರಿಯ ಮಹಾಸಭೆ ಹೋದ ವರ್ಷ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಬಾಗಿಲಲ್ಲಿ ಸಹಿ ಹಾಕಿಸಿಕೊಂಡು ವರದಿ ಪುಸ್ತಕ ಕೊಟ್ಟರು. ಜಮಾ-ಖರ್ಚು ಓದುತ್ತಿದ್ದ ಹಾಗೆ ಹಿಂದಿನಿಂದ ಯಾರೋ "ಪಾಸ್, ಪಾಸ್" ಅಂದರು. ಆಮೇಲೆ ಉಪ್ಪಿಟ್ಟು, ಕೇಸರಿಬಾತ್.

ಅಮ್ಮ ಇಪ್ಪತ್ತು ವರ್ಷದಿಂದ ಅಲ್ಲಿಗೆ ಹಾಲು ಹಾಕುತ್ತಿದ್ದಾಳೆ. ಫ್ಯಾಟ್ 4.1 ಇದ್ದದ್ದು 3.8 ಬಂದರೆ ಕ್ಯಾನ್ ಹಿಡಿದು ಅಲ್ಲೇ ನಿಲ್ಲುತ್ತಾಳೆ. "ಇನ್ನೊಂದ್ಸಲ ನೋಡಪ್ಪ" ಅನ್ನುತ್ತಾಳೆ. ಅಂಥವಳು ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಯಾಕಮ್ಮ ಅಂದರೆ, "ಆ ಲೆಕ್ಕ ನಮಗೆಲ್ಲಿ ತಿಳಿಯುತ್ತೆ" ಅಂದಳು.

ಡೇರಿ ಅಂದರೆ ಸದಸ್ಯರೇ ಸೇರಿ ನಡೆಸುವ ಸಹಕಾರ ಸಂಘ. ಇಂಥ ಸಂಘಗಳು ಪಾಲಿಸಬೇಕಾದ ಸಹಕಾರ ತತ್ವಗಳು ಏಳು. ಈಗಿರುವ ರೂಪ 1995ರದ್ದು. ಒಬ್ಬರಿಗೆ ಒಂದೇ ಮತ, ಒಂದು ಷೇರಿರಲಿ ನೂರಿರಲಿ. ಇದನ್ನು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಐದನೆಯದು ಸದಸ್ಯರಿಗೆ ಶಿಕ್ಷಣ, ತರಬೇತಿ, ಮಾಹಿತಿ. ಅದರ ಸುದ್ದಿಯೇ ಇರುವುದಿಲ್ಲ. ನನಗಂತೂ ಉಳಿದ ಆರೂ ಅದರ ಮೇಲೇ ನಿಂತಿವೆ ಅನ್ನಿಸುತ್ತದೆ.

ಇಂಗ್ಲೆಂಡಿನ ರಾಚ್‌ಡೇಲ್‌ನವರಿಗೆ ಇದು ಗೊತ್ತಿತ್ತು. 1844ರಲ್ಲಿ 28 ಜನ ಸೇರಿ ಸಹಕಾರಿ ಅಂಗಡಿ ತೆರೆದರು, ನೇಕಾರರೇ ಜಾಸ್ತಿ. ಬಂಡವಾಳ 28 ಪೌಂಡ್. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ, ಅಷ್ಟೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ಹತ್ತು ವರ್ಷ ತುಂಬುವಷ್ಟರಲ್ಲಿ ಲಾಭದ ಶೇ. 2.5 ಭಾಗವನ್ನು ಓದು-ಕಲಿಕೆಗೆ ಎತ್ತಿಡತೊಡಗಿದರು. ಸದಸ್ಯರಿಗೆ ಪತ್ರಿಕೆ, ಪುಸ್ತಕ ಓದುವ ಕೋಣೆ ಮಾಡಿದರು. ಕೂಲಿ ಸಾಕಾಗದ ಜನ ಮಾಡಿದ ಕೆಲಸ ಇದು!

ನಮ್ಮಲ್ಲೇನು ಕಡಿಮೆಯಾ? 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು, 1905ಕ್ಕೆ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿಯೇಬಿಟ್ಟರು. ಇವತ್ತಿಗೂ ಸಂಘಗಳ ಲಾಭದಲ್ಲಿ ಒಂದು ಪಾಲು ಸಹಕಾರ ಶಿಕ್ಷಣ ನಿಧಿಗೆ ಹೋಗುತ್ತದೆ. ಆದರೆ ಅಢಾವೆ ಪತ್ರಿಕೆ, ಅಂದರೆ ಸಂಘದ ಆಸ್ತಿ-ಸಾಲದ ಪಟ್ಟಿ, ಓದುವುದು ಹೇಗೆ ಅಂತ ಅಮ್ಮನಿಗೆ ಇಪ್ಪತ್ತು ವರ್ಷದಲ್ಲಿ ಒಬ್ಬರೂ ಹೇಳಿಕೊಟ್ಟಿಲ್ಲ. ಸಭೆಯ ಬಾಗಿಲಲ್ಲಿ ಪುಸ್ತಕ ಕೊಟ್ಟರೆ ಓದುವುದು ಯಾವಾಗ? ಒಂದು ವಾರ ಮೊದಲೇ ಕೊಡಿ. ಒಂದು ಸಂಜೆ ಹಾಲು ಹಾಕಲು ಬಂದವರನ್ನು ಕೂರಿಸಿಕೊಂಡು ಪುಟ ತಿರುಗಿಸಿ ತೋರಿಸಿ. ದುಡ್ಡೇನೂ ಬೇಕಿಲ್ಲ, ಅಲ್ವಾ?

ಈ ಸಲ ನಾನೇ ಹಳೇ ವರದಿ ಹಿಡಿದು ಅಮ್ಮನ ಜೊತೆ ಕೂತೆ. ಎರಡು ರಾತ್ರಿ ಸಾಕಾಯಿತು. "ಸಾದಿಲ್ವಾರು ಅಂದರೆ ಏನು? ಇಷ್ಟೊಂದು ಹೇಗಾಯ್ತು?" ಅಂದಳು. ಸಾದಿಲ್ವಾರು ಅಂದರೆ ಚಿಲ್ಲರೆ ಖರ್ಚು ಅಂದೆ. ಇಷ್ಟೊಂದು ಹೇಗಾಯ್ತು ಅನ್ನುವುದು ನನಗೂ ಗೊತ್ತಾಗಲಿಲ್ಲ. ಅಲ್ಲೊಂದು ಪೆನ್ಸಿಲ್ ಗುರುತು ಹಾಕಿದ್ದಾಳೆ. ಭಾನುವಾರ ಮಹಾಸಭೆ. ಕೇಳುತ್ತಾಳಂತೆ.